ಹೊಗೆಸೊಪ್ಪಿನ ಹಳೇ ಬ್ಯಾರನ್‌ಗಳ ಫೋಟೊ ತೆಗೆಯುವುದು ಹೇಗೆ? ಹುಣಸೂರು, ಪಿರಿಯಾಪಟ್ಟಣ ಸೀಮೆಗೆ ಒಂದು ಸಮಗ್ರ ಮಾರ್ಗದರ್ಶಿ

ಮೈಸೂರಿನಿಂದ ಮಡಿಕೇರಿಗೆ ಹೋಗುವಾಗ ಹುಣಸೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹೊಲಗಳನ್ನು ಗಮನಿಸಿ. ಕಿಟಕಿಯೇ ಇಲ್ಲದ, ಅಗಲಕ್ಕಿಂತ ಎತ್ತರವೇ ಜಾಸ್ತಿ ಅನ್ನಿಸುವ ಕಟ್ಟಡಗಳು ಅಲ್ಲಲ್ಲಿ ಒಂಟಿಯಾಗಿ ನಿಂತಿರುತ್ತವೆ. ಗೋಡೆಗೆ ಮಸಿ ಹಿಡಿದಿರುತ್ತದೆ, ಪಕ್ಕದಲ್ಲಿ ಸೌದೆ ಪೇರಿಸಿರುತ್ತಾರೆ. ಇವೇ ಹೊಗೆಸೊಪ್ಪು ಬೇಯಿಸುವ, ಅಂದರೆ ತಂಬಾಕಿನ ಎಲೆಯನ್ನು ಬಿಸಿಯಲ್ಲಿ ಒಣಗಿಸುವ, ಬ್ಯಾರನ್‌ಗಳು. ಕೊಡಗಿಗೆ ಹೊರಟವರು ಇವುಗಳ ಮುಂದೆ ಗಾಡಿ ನಿಲ್ಲಿಸುವುದು ಅಪರೂಪ.

ಇವುಗಳ ಫೋಟೊ ಇಲ್ಲವೇ ಇಲ್ಲ ಅಂತಲ್ಲ. ಆದರೆ ಹೆಚ್ಚಿನವು ಸಂಜೆಯ ಕೆಂಪು ಆಕಾಶಕ್ಕೆ ಎದುರಾಗಿ ತೆಗೆದ ಕಪ್ಪು ಆಕೃತಿಗಳು. ಅಲ್ಲಿ ಬ್ಯಾರನ್ ಬದಲು ನೀರಿನ ಟ್ಯಾಂಕ್ ಇದ್ದಿದ್ದರೂ ಚಿತ್ರ ಹಾಗೇ ಇರುತ್ತಿತ್ತು. ಬ್ಯಾರನ್ ಕೆಲಸದ ಕಟ್ಟಡ. ಬೆಂಕಿ ಎಲ್ಲಿ ಉರಿಯುತ್ತದೆ, ಬಿಸಿ ಹೇಗೆ ಏರುತ್ತದೆ, ಹಬೆ ಎಲ್ಲಿಂದ ಹೊರಬೀಳುತ್ತದೆ ಅನ್ನುವುದು ಫೋಟೊದಲ್ಲಿ ಕಾಣಬೇಕು. ಅದು ಗೊತ್ತಾದರೆ ಎಲ್ಲಿ ನಿಲ್ಲಬೇಕು, ಯಾವಾಗ ಹೋಗಬೇಕು ಅನ್ನುವ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.

ಹಂತ 1: ಮೊದಲು ಬ್ಯಾರನ್ ಹೇಗೆ ಕೆಲಸ ಮಾಡುತ್ತದೆ ತಿಳಿಯಿರಿ

ಈ ಭಾಗದಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು. ಹಸಿ ಎಲೆಯನ್ನು ಕಡ್ಡಿಗೆ ದಾರದಲ್ಲಿ ಕಟ್ಟಿ, ಆ ಕಡ್ಡಿಗಳನ್ನು ಬ್ಯಾರನ್ ಒಳಗೆ ಅಡ್ಡ ಮರಗಳ ಮೇಲೆ ಸಾಲಾಗಿ ನೇತುಹಾಕುತ್ತಾರೆ. ಒಂದು ಸಾಲಿನ ಮೇಲೆ ಇನ್ನೊಂದು, ಹೀಗೆ ಚಾವಣಿಯವರೆಗೂ. ಕಟ್ಟಡ ಅಷ್ಟು ಎತ್ತರ ಇರುವುದು ಅದಕ್ಕೇ.

ಒಲೆಯ ಬಾಯಿ ಗೋಡೆಯ ಹೊರಗಿರುತ್ತದೆ. ಸೌದೆಯ ಬಿಸಿ ದೊಡ್ಡ ತಗಡಿನ ಕೊಳವೆಗಳಲ್ಲಿ ಬ್ಯಾರನ್ನಿನ ನೆಲದ ಉದ್ದಕ್ಕೂ ಸುತ್ತಿ, ಹೊಗೆ ಮಾತ್ರ ಚಿಮಣಿಯಿಂದ ಹೊರಗೆ ಹೋಗುತ್ತದೆ. ಹೊಗೆ ಎಲೆಗೆ ತಾಗುವುದಿಲ್ಲ, ಬಿಸಿ ಮಾತ್ರ ತಾಗುತ್ತದೆ. ಗೋಡೆಯ ಬುಡದಲ್ಲಿ ಗಾಳಿ ಒಳಗೆ ಬರಲು ಕಿಂಡಿಗಳು, ಮೇಲೆ ಹಬೆ ಹೋಗಲು ಇನ್ನೊಂದು ಕಿಂಡಿ. ಒಂದು ಸಲ ತುಂಬಿದ ಸೊಪ್ಪು ಬೇಯಲು 5ರಿಂದ 7 ದಿನ ಹಿಡಿಯುತ್ತದೆ. ಮೊದಲು ಕಡಿಮೆ ಬಿಸಿಯಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಬಿಸಿ ನಿಧಾನವಾಗಿ ಏರಿಸುತ್ತಾ ಕೊನೆಗೆ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ತಂದು ಎಲೆಯ ದಂಟನ್ನೂ ಒಣಗಿಸುತ್ತಾರೆ. ಅಷ್ಟೂ ದಿನ ಹಗಲು ರಾತ್ರಿ ಯಾರಾದರೊಬ್ಬರು ಒಲೆ ಕಾಯಲೇಬೇಕು.

ಹಾಗಾಗಿ ಯಾವ ಬ್ಯಾರನ್‌ಗೆ ಹೋದರೂ ಕ್ಯಾಮೆರಾ ತೆಗೆಯುವ ಮೊದಲು ಅದರ ಸುತ್ತ ಒಂದು ಸುತ್ತು ಹಾಕಿ. ಒಲೆ ಯಾವ ದಿಕ್ಕಿಗಿದೆ, ಚಿಮಣಿ ಎಲ್ಲಿದೆ, ಬಾಗಿಲು ಎಲ್ಲಿದೆ ನೋಡಿ. ಒಲೆ ಇರುವ ಗೋಡೆಯೇ ಬ್ಯಾರನ್ನಿನ ಮುಖ. ಮಸಿ, ಬಿರುಕು, ಸೌದೆ, ಬೂದಿ, ಕೂರಲು ಹಾಕಿಕೊಂಡ ಕಲ್ಲು ಎಲ್ಲ ಅಲ್ಲೇ ಇರುತ್ತವೆ.

ಹಂತ 2: ತಿಂಗಳು ಆರಿಸಿಕೊಳ್ಳಿ

ಆಂಧ್ರದಲ್ಲಿ ಈ ತಂಬಾಕು ಚಳಿಗಾಲದ ಬೆಳೆ. ನಮ್ಮಲ್ಲಿ ಮಳೆಗಾಲದ್ದು. ಮೇ–ಜೂನ್ ಹೊತ್ತಿಗೆ ನಾಟಿ, ಜುಲೈನಿಂದ ಸುಮಾರು ಅಕ್ಟೋಬರ್‌ವರೆಗೆ ಎಲೆ ಮುರಿಯುವುದು, ಬೇಯಿಸುವುದು. ಬೆಂಕಿ, ಹೊಗೆ, ಜನ ಎಲ್ಲ ಬೇಕು ಅಂದರೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹೋಗಿ. ಮೋಡ ಇರುತ್ತದೆ, ಮಳೆ ಬರುತ್ತದೆ, ಕೆಂಪು ಮಣ್ಣು ಕಾಲಿಗೆ ಅಂಟುತ್ತದೆ. ಆದರೂ ನಾನು ಹೇಳುವುದು ಇದೇ ಕಾಲ.

ಕೈಬಿಟ್ಟ, ಕುಸಿಯುತ್ತಿರುವ ಬ್ಯಾರನ್‌ಗಳೇ ಬೇಕಾದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಆಕಾಶ ತಿಳಿಯಾಗಿರುತ್ತದೆ, ಬೆಳಗಿನ ಮಂಜು ಇರುತ್ತದೆ, ಗಿಡಗಂಟಿ ಒಣಗಿ ಗೋಡೆಯ ಬುಡ ಕಾಣುತ್ತದೆ. ಮಳೆಗಾಲದಲ್ಲಿ ಅದೇ ಬ್ಯಾರನ್ ಅರ್ಧ ಲಂಟಾನದ ಒಳಗೆ ಮುಚ್ಚಿಹೋಗಿರುತ್ತದೆ. ಮಾರ್ಚ್–ಏಪ್ರಿಲ್ ಬಿಸಿಲು ಮಾತ್ರ ಬೇಡ, ಬೆಳಿಗ್ಗೆ ಎಂಟೂವರೆಗೇ ಬಣ್ಣವೆಲ್ಲ ಪೇಲವವಾಗುತ್ತದೆ.

ಹಂತ 3: ಹುಡುಕಿ, ಆಮೇಲೆ ಕೇಳಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಬ್ಯಾರನ್ ದಟ್ಟವಾಗಿವೆ. ಹಾಸನ ಜಿಲ್ಲೆಯ ರಾಮನಾಥಪುರದ ಸುತ್ತಲೂ ಇವೆ. ಕಂಪಲಾಪುರ, ರಾವಂದೂರು, ಚಿಲ್ಕುಂದ, ಹನಗೋಡು ಕಡೆಯ ಒಳರಸ್ತೆ ಹಿಡಿಯಿರಿ. ಹೆದ್ದಾರಿ ಪಕ್ಕದ ಬ್ಯಾರನ್‌ಗಳಿಗೆ ಕರೆಂಟು ಕಂಬ, ಫ್ಲೆಕ್ಸು ಅಡ್ಡ ಬರುವುದೇ ಹೆಚ್ಚು.

ನನಗೆ ತುಂಬಾ ಇಷ್ಟವಾದ ಹಿನ್ನೆಲೆ ಅಂದರೆ ಬೆಟ್ಟದಪುರದ ಬೆಟ್ಟ. ಸಿಡಿಲು ಮಲ್ಲಿಕಾರ್ಜುನ ಸ್ವಾಮಿಯ ಆ ಒಂಟಿ ಬೆಟ್ಟ ಸುತ್ತಲಿನ ಹೊಲಗಳಿಂದ ದೂರದವರೆಗೂ ಕಾಣುತ್ತದೆ. ಬೆಟ್ಟದ ದಕ್ಷಿಣಕ್ಕಿರುವ ಹೊಲಗಳಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬೆಳಕು ಪಕ್ಕದಿಂದ ಬೀಳುತ್ತದೆ.

ಇನ್ನು ಕೇಳುವ ವಿಷಯ. ಇದನ್ನು ಸುಮ್ನೆ ಶಿಷ್ಟಾಚಾರ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ ತಂಬಾಕು ಮಂಡಳಿ ಸ್ಥಾಪನೆಯಾಗಿದ್ದು 1976ರಲ್ಲಿ. ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಗಿದ್ದು 1984ರಲ್ಲಿ. ಎಷ್ಟು ಬೆಳೆಯಬೇಕು ಅನ್ನುವುದನ್ನು ಮಂಡಳಿಯೇ ಗೊತ್ತು ಮಾಡುತ್ತದೆ, ಬ್ಯಾರನ್‌ಗೂ ಪರವಾನಗಿ ಬೇಕು. ಅಪರಿಚಿತರು ಬಂದು ಬ್ಯಾರನ್ ಫೋಟೊ ಹೊಡೆದರೆ ಅಧಿಕಾರಿಗಳೋ ಏನೋ ಅನ್ನುವ ಅನುಮಾನ ಬರುವುದು ಸಹಜ. ತಂಬಾಕು ಆರೋಗ್ಯಕ್ಕೆ ಕೆಟ್ಟದ್ದು, ಅದನ್ನು ಬೇಯಿಸಲು ಸೌದೆ ರಾಶಿಗಟ್ಟಲೆ ಉರಿಯುತ್ತದೆ ಅನ್ನುವುದೂ ನಿಜವೇ. ಅದನ್ನು ಹೊಲದಲ್ಲಿ ನಿಂತು ರೈತರಿಗೆ ಪಾಠ ಮಾಡುವ ಅಗತ್ಯವಿಲ್ಲ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

"ಅಣ್ಣಾ, ಹಳೇ ಬ್ಯಾರನ್‌ಗಳ ಫೋಟೊ ತೆಗೀತಿದೀನಿ. ನಿಮ್ದೂ ಒಂದೆರಡು ತಕ್ಕೊಳ್ಳಲಾ?" ಅಂತ ನೇರವಾಗಿ ಕೇಳಿ. ವಯಸ್ಸಾದವರಾದರೆ "ಯಜಮಾನ್ರೇ" ಅನ್ನಿ. ಬ್ಯಾರನ್ ಯಾವಾಗ ಕಟ್ಟಿದ್ದು, ಯಾರು ಕಟ್ಟಿದ್ದು ಅಂತ ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಸೊಪ್ಪು ಕಟ್ಟುತ್ತಾ ಕೂತ ಹೆಂಗಸರ ಫೋಟೊ ಬೇಕಾದರೆ ಅವರನ್ನೇ ಬೇರೆಯಾಗಿ ಕೇಳಿ, ಹೊಲದ ಯಜಮಾನರ ಒಪ್ಪಿಗೆ ಅವರ ಒಪ್ಪಿಗೆ ಅಲ್ಲ. ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಹಂತ 4: ಸೂರ್ಯ ಎಲ್ಲಿರುತ್ತಾನೆ ಲೆಕ್ಕ ಹಾಕಿ

ಅಂತರ್ಜಾಲದಲ್ಲಿ ಸಿಗುವ ಬಾರ್ನ್ (ಹೊಲದ ಉಗ್ರಾಣ, ಕೊಟ್ಟಿಗೆ) ಫೋಟೊಗ್ರಫಿ ಸಲಹೆಗಳು ಬಹುಪಾಲು ಅಮೆರಿಕ, ಯುರೋಪಿನವು. ಉದಾಹರಣೆಗೆ ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿರುವ ಮೌಲ್ಟನ್ ಬಾರ್ನ್. ಅದರ ಹಿಂದೆ ಪಶ್ಚಿಮಕ್ಕೆ ಬೆಟ್ಟಸಾಲು ಇದೆ, ಹಾಗಾಗಿ ಮುಂಜಾನೆಯ ಬಿಸಿಲು ಬಾರ್ನ್ ಮತ್ತು ಬೆಟ್ಟ ಎರಡರ ಮೇಲೂ ನೇರ ಬೀಳುತ್ತದೆ. ಪ್ರಪಂಚದ ಮೂಲೆಮೂಲೆಯಿಂದ ಜನ ಬೆಳಗಾಗುವ ಮೊದಲೇ ಅಲ್ಲಿ ಟ್ರೈಪಾಡ್ ಹೂಡುತ್ತಾರೆ. ದಿಕ್ಕು ನೋಡುವ ಆ ಅಭ್ಯಾಸವನ್ನು ಕಲಿಯೋಣ, ಆದರೆ ಅಲ್ಲಿನ ಗಂಟೆಗಳ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಹುಣಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಮೇಲೇರುತ್ತಾನೆ. ಹುಟ್ಟಿದ ಮುಕ್ಕಾಲು ಗಂಟೆಗೆಲ್ಲ ದಿಗಂತದಿಂದ 10 ಡಿಗ್ರಿ ಎತ್ತರ ದಾಟಿರುತ್ತಾನೆ. ಅಂದರೆ ಚಿನ್ನದ ಬಣ್ಣದ ಬೆಳಕು ನಿಮಗೆ ಸಿಗುವುದು ಅಷ್ಟೇ ಹೊತ್ತು. ಜಾಗ ಹುಡುಕುವ ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು.

ಇನ್ನೊಂದು ಮಾತು ತುಂಬಾ ಉಪಯೋಗಕ್ಕೆ ಬರುತ್ತದೆ. ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ಕೂಡ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಒಲೆ ಉತ್ತರ ಗೋಡೆಯಲ್ಲಿದ್ದರೆ ಅದರ ಮೇಲೆ ನೇರ ಬಿಸಿಲು ಬೀಳುವುದು ಮಳೆಗಾಲದ ಕಡೆಗೆ ಮಾತ್ರ. ಡಿಸೆಂಬರ್‌ನಲ್ಲಿ ಅದೇ ಗೋಡೆ ಇಡೀ ದಿನ ನೆರಳು. ದಕ್ಷಿಣದ ಗೋಡೆಗೆ ಇದು ಉಲ್ಟಾ. ಬೆಳಕು ಗೋಡೆಯನ್ನು ಸವರಿಕೊಂಡು ಓರೆಯಾಗಿ ಹೋಗುವ ಹೊತ್ತು ಹಿಡಿಯಿರಿ. ಉದುರಿದ ಗಾರೆ, ಮಣ್ಣಿನ ಮೆತ್ತು, ಇಟ್ಟಿಗೆಯ ಅಂಚು ಆಗ ಎದ್ದು ಕಾಣುತ್ತವೆ. ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ನೇರ ಬಿದ್ದರೆ ಗೋಡೆ ಚಪ್ಪಟೆಯಾಗುತ್ತದೆ.

ಫೋಟೊಪಿಲ್ಸ್‌ನಂಥ ಆ್ಯಪ್ ಇದ್ದರೆ ಈ ದಿಕ್ಕುಗಳನ್ನು ಮನೆಯಲ್ಲೇ ಕೂತು ನೋಡಬಹುದು.

ಹಂತ 5: ದೂರ ಹೋಗಿ, ಕ್ಯಾಮೆರಾ ನೇರ ಹಿಡಿಯಿರಿ

ಬ್ಯಾರನ್ ಎತ್ತರದ ಕಟ್ಟಡ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಡೆಗಳು ಒಳಗೆ ವಾಲಿ, ಕಟ್ಟಡ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಹಳೇ ಬ್ಯಾರನ್ ನಿಜವಾಗಿಯೂ ವಾಲಿರಬಹುದು. ನೋಡುವವರಿಗೆ ಯಾವುದು ಗೋಡೆಯ ವಾಲಿಕೆ, ಯಾವುದು ಲೆನ್ಸಿನ ವಾಲಿಕೆ ಅಂತ ಗೊತ್ತಾಗಬೇಕಲ್ವಾ?

ಲೆಕ್ಕ ಸುಲಭ. ಬ್ಯಾರನ್ 20 ಅಡಿ ಎತ್ತರ ಇದೆ ಅಂದುಕೊಳ್ಳಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾ ಅಡ್ಡ ಹಿಡಿದು, ಮೇಲೆ ಕೆಳಗೆ ಬಗ್ಗಿಸದೆ ಇಡೀ ಬ್ಯಾರನ್ ಹಿಡಿಸಬೇಕಾದರೆ ಸುಮಾರು 65 ಅಡಿ ದೂರ ನಿಲ್ಲಬೇಕು. ಉದ್ದಕ್ಕೆ ಹಿಡಿದರೆ 45 ಅಡಿ ಸಾಕು. ನೇರ ಹಿಡಿದಾಗ ಕೆಳಗೆ ಹೊಲವೂ ಬಹಳ ಬರುತ್ತದೆ. ಅದು ಬೇಡದಿದ್ದರೆ ಆಮೇಲೆ ಕತ್ತರಿಸಿ. ಕ್ಯಾಮೆರಾದ ಪರದೆಯಲ್ಲಿ ಲೆವೆಲ್ ಗೆರೆ ಬರುವಂತೆ ಮಾಡಿಕೊಳ್ಳಿ.

ಹಿನ್ನೆಲೆಯಲ್ಲಿ ಬೆಟ್ಟ ದೊಡ್ಡದಾಗಿ ಕಾಣಬೇಕಾದರೆ ಇನ್ನೂ ಹಿಂದೆ ಹೋಗಿ 100 ಅಥವಾ 135 ಎಂಎಂ ಬಳಸಿ. ಬ್ಯಾರನ್ ಗಾತ್ರ ಅಷ್ಟೇ ಉಳಿಯುತ್ತದೆ, ಬೆಟ್ಟ ಮುಂದಕ್ಕೆ ಬಂದಂತೆ ಕಾಣುತ್ತದೆ. ವೈಡ್ ಲೆನ್ಸ್ ಹಾಕಿದರೆ ಅದೇ ಬೆಟ್ಟ ಗುಡ್ಡೆಯಷ್ಟಾಗುತ್ತದೆ.

ಮುಂಭಾಗಕ್ಕೆ ಏನಾದರೂ ಬೇಕು. ತಂಬಾಕಿನ ಸಾಲು, ಶುಂಠಿಯ ಪಾತಿ, ಜೋಳದ ದಂಟು, ಎತ್ತಿನ ಗಾಡಿ ಓಡಾಡಿದ ಜಾಡು. ಸಾಲುಗಳು ಬ್ಯಾರನ್ ಕಡೆ ಹರಿಯುವ ಕೋನ ಸಿಗುವವರೆಗೆ ಬದಿಯಲ್ಲಿ ನಡೆಯಿರಿ. ಎಲೆ ಮುರಿಯದ ಹೊಲದೊಳಗೆ ಕಾಲಿಡಬೇಡಿ, ಬದುವಿನ ಮೇಲೇ ಇರಿ. ಒದ್ದೆಯಾದ ತಂಬಾಕಿನ ಎಲೆ ಬರಿ ಮೈಗೆ ತಾಗಿದರೆ ಅದರ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ಬರಬಹುದು. ತುಂಬು ತೋಳಿನ ಅಂಗಿ ಹಾಕಿ. ಊಟಕ್ಕೆ ಮೊದಲು ಕೈ ಸೋಪಿನಲ್ಲಿ ತೊಳೆಯಿರಿ.

ಹಂತ 6: ಮೋಡದ ದಿನ ಎಕ್ಸ್‌ಪೋಷರ್

ಮಳೆಗಾಲದ ಬಿಳಿ ಆಕಾಶ ಕ್ಯಾಮೆರಾದ ಮೀಟರಿಗೆ ಮೋಸ ಮಾಡುತ್ತದೆ. ಆಕಾಶ ನೋಡಿ ಬೆಳಕು ಜಾಸ್ತಿ ಇದೆ ಅಂದುಕೊಂಡು ಬ್ಯಾರನ್ನನ್ನು ಕಪ್ಪು ಮಾಡುತ್ತದೆ. ಬೆಳಕನ್ನು +0.7ರಿಂದ +1 ಸ್ಟಾಪ್ ಏರಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ), ಹಿಸ್ಟೊಗ್ರಾಂ (ಕತ್ತಲು ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ಬಡಿಯದಂತೆ ನೋಡಿಕೊಳ್ಳಿ. ರಾ (ಕ್ಯಾಮೆರಾ ಸಂಸ್ಕರಿಸದ) ಫೈಲ್‌ನಲ್ಲೇ ತೆಗೆಯಿರಿ. ಶುರು ಮಾಡಲು ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 200, ಟ್ರೈಪಾಡ್ ಇದ್ದರೆ ಐಎಸ್ಒ 100.

ಆಕಾಶದಲ್ಲಿ ಮೋಡದ ಪದರ ಚೆನ್ನಾಗಿದ್ದರೆ ಅದಕ್ಕೆ ಚಿತ್ರದ ಅರ್ಧ ಕೊಡಿ. ಬರೀ ಬಿಳಿಯಾಗಿದ್ದರೆ ಮಾಡಿನ ಮೇಲೆ ಒಂದು ಗೇಣು ಬಿಟ್ಟು ಅಲ್ಲಿಗೆ ನಿಲ್ಲಿಸಿ.

ಪೋಲರೈಸರ್ ಫಿಲ್ಟರ್ ಬೇಕಾಗುವುದು ನೀಲಿ ಆಕಾಶಕ್ಕೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಇಲ್ಲಿ ಅದರ ನಿಜವಾದ ಕೆಲಸ ಮೋಡದ ದಿನವೇ. ಮಳೆಯಲ್ಲಿ ನೆಂದ ಹೆಂಚು, ತಂಬಾಕಿನ ಅಗಲ ಎಲೆ ಎರಡೂ ಬಿಳಿಯಾಗಿ ಹೊಳೆಯುತ್ತವೆ. ಫಿಲ್ಟರ್ ತಿರುಗಿಸಿದರೆ ಆ ಹೊಳಪು ಇಳಿದು, ಹೆಂಚಿನ ಕೆಂಪು, ಎಲೆಯ ಹಸಿರು ಬರುತ್ತವೆ.

ಹಂತ 7: ಒಲೆ ಉರಿಯುವ ಹೊತ್ತು

ಬ್ಯಾರನ್ನಿನ ಅತ್ಯುತ್ತಮ ಫೋಟೊ ಸಿಗುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೂರ್ಯ ಮುಳುಗಿದ ಮೇಲೆ ಆಕಾಶದಲ್ಲಿ ಉಪಯೋಗಕ್ಕೆ ಬರುವ ನೀಲಿ ಉಳಿಯುವುದು ಇಪ್ಪತ್ತು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಒಂದು ಕ್ಷಣ ಒಲೆಬಾಯಿಯ ಕಿತ್ತಳೆ ಬೆಳಕು, ಗೋಡೆಯ ಮೇಲೆ ಬಿದ್ದ ಅದರ ಪ್ರತಿಫಲನ, ಹಿಂದಿನ ಆಕಾಶ ಮೂರೂ ಒಂದೇ ಎಕ್ಸ್‌ಪೋಷರಿನಲ್ಲಿ ಹೊಂದುತ್ತವೆ. ಅದಕ್ಕಾಗಿ ಕಾಯಬೇಕು. ಟ್ರೈಪಾಡನ್ನು ಸೂರ್ಯ ಮುಳುಗುವ ಮೊದಲೇ ಹೂಡಿ, ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ ಬಿಡಿ. ಒಲೆಯ ನೇರ ಎದುರು ನಿಲ್ಲುವ ಬದಲು ಗೋಡೆಯ ಮೂಲೆಯಿಂದ ಓರೆಯಾಗಿ ನಿಲ್ಲಿ. ನೇರ ಎದುರಿನಿಂದ ಬೆಂಕಿ ಒಂದು ಬಿಳಿ ತೂತಿನಂತೆ ಮಾತ್ರ ಬರುತ್ತದೆ. ಓರೆಯಿಂದ ಅದರ ಬೆಳಕು ನೆಲದ ಮೇಲೆ, ಸೌದೆಯ ಮೇಲೆ, ಕೂತವರ ಮೊಣಕಾಲಿನ ಮೇಲೆ ಹೇಗೆ ಹರಿಯುತ್ತದೆ ಅನ್ನುವುದು ಕಾಣುತ್ತದೆ.

ಎಫ್/5.6, ಐಎಸ್ಒ 400, 1 ಸೆಕೆಂಡ್‌ನಿಂದ ಶುರು ಮಾಡಿ. ಎರಡು ನಿಮಿಷಕ್ಕೊಮ್ಮೆ ಒಂದು ತೆಗೆಯುತ್ತಾ ಸಮಯ ಏರಿಸುತ್ತಾ ಹೋಗಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೊದಲ್ಲಿ ಇಟ್ಟರೆ ಬೆಂಕಿಯ ಬಣ್ಣ ಸಪ್ಪೆಯಾಗುತ್ತದೆ. 4000 ಕೆಲ್ವಿನ್ ಹತ್ತಿರ ಕಟ್ಟಿಹಾಕಿ. ಒಲೆ ಕಾಯುವವರು ಚಿತ್ರದಲ್ಲಿ ಇರಬೇಕಾದರೆ ಅರ್ಧ ಸೆಕೆಂಡಿಗಿಂತ ಕಡಿಮೆ ಸಮಯ, ಐಎಸ್ಒ 1600. ಅವರು ಸೌದೆ ಒಳಗೆ ತಳ್ಳಿ, ಹಿಂದೆ ಸರಿದು, ಒಂದು ಗಳಿಗೆ ಉರಿ ನೋಡುತ್ತಾ ಸುಮ್ಮನೆ ನಿಲ್ಲುತ್ತಾರೆ. ಆಗ ಕ್ಲಿಕ್ ಮಾಡಿ. "ಅಣ್ಣಾ ಈ ಕಡೆ ನೋಡಿ" ಅಂತ ಅನ್ನಬೇಡಿ. ಫ್ಲಾಶ್ ಹಾಕಲೇಬೇಡಿ.

ಒಂದು ಎಚ್ಚರಿಕೆ. ನಾಗರಹೊಳೆ ಕಾಡಂಚಿನ ಊರುಗಳಲ್ಲಿ, ಅದರಲ್ಲೂ ಹನಗೋಡು, ಎಚ್.ಡಿ. ಕೋಟೆ ಕಡೆ, ಕತ್ತಲಾದ ಮೇಲೆ ಆನೆ ಹೊಲಕ್ಕಿಳಿಯುತ್ತವೆ. ಸ್ಥಳೀಯರು "ಹೊತ್ತಾಯ್ತು, ಹೊರಡಿ" ಅಂದರೆ ಹೊರಡಿ. ಕಾಡಂಚಿನಲ್ಲಿ ಡ್ರೋನ್ ಯೋಚನೆಯೇ ಬೇಡ, ಹುಲಿ ಸಂರಕ್ಷಿತ ಪ್ರದೇಶದ ಮೇಲೆ ಹಾರಿಸುವುದು ಕಾನೂನಿಗೆ ವಿರುದ್ಧ.

ಹಂತ 8: ಕೈಬಿಟ್ಟ ಬ್ಯಾರನ್ನಿನ ಒಳಗೆ

ಕೂಲಿಗೆ ಜನ ಸಿಗದೆ, ಸೌದೆ ದುಬಾರಿಯಾಗಿ, ಶುಂಠಿಗೋ ಜೋಳಕ್ಕೋ ಹೊರಳಿದ ರೈತರ ಬ್ಯಾರನ್‌ಗಳು ಹಾಗೇ ಉಳಿದಿವೆ. ಕೆಲವಕ್ಕೆ ಬೆಂಕಿ ಬಿದ್ದು ಸುಟ್ಟಿವೆ. ಒಣಗಿದ ಎಲೆ ಕಾದ ಕೊಳವೆಯ ಮೇಲೆ ಉದುರಿದರೆ ಸಾಕು, ಬ್ಯಾರನ್ ಹೊತ್ತಿಕೊಳ್ಳುತ್ತದೆ. ಕೆಲವು ದನದ ಕೊಟ್ಟಿಗೆಯಾಗಿವೆ, ಕೆಲವು ಜೋಳ ತುಂಬುವ ಉಗ್ರಾಣವಾಗಿವೆ. ಹೀಗೆ ಬೇರೆ ಕೆಲಸಕ್ಕೆ ಬಂದ ಬ್ಯಾರನ್‌ಗಳನ್ನು ಬಿಟ್ಟುಬಿಡಬೇಡಿ. ಒಲೆಯ ಬಾಯಿಗೆ ಮುಳ್ಳು ತುರುಕಿ, ಒಳಗೆ ಕರು ಕಟ್ಟಿದ ಬ್ಯಾರನ್ ಕುಸಿದ ಬ್ಯಾರನ್‌ಗಿಂತ ಹೆಚ್ಚು ಹೇಳುತ್ತದೆ ಅಂತ ನನ್ನ ಅನಿಸಿಕೆ.

ಕುಸಿಯುತ್ತಿರುವ ಬ್ಯಾರನ್ನಿನ ಒಳಗೆ ಹೋಗಬೇಡಿ. ಮೇಲಿನ ಅಡ್ಡ ಮರಗಳಿಗೆ ಗೆದ್ದಲು ಹಿಡಿದಿರುತ್ತದೆ, ಹೆಂಚು ಯಾವಾಗ ಬೇಕಾದರೂ ಜಾರಬಹುದು. ಹಾವು, ಚೇಳು, ಜೇನು ಇರುತ್ತವೆ. ಬಾಗಿಲ ಹೊಸ್ತಿಲಿನಿಂದಲೇ ತೆಗೆಯಿರಿ, ಬೇಕಾದ್ದೆಲ್ಲ ಅಲ್ಲಿಂದಲೇ ಸಿಗುತ್ತದೆ. ಟ್ರೈಪಾಡಿನ ಮೇಲೆ 24 ಎಂಎಂ ಲೆನ್ಸ್, ಎರಡೆರಡು ಸ್ಟಾಪ್ ಅಂತರದಲ್ಲಿ ಐದು ಫೋಟೊ. ಒಳಗೆ ಗೋಡೆಯೆಲ್ಲ ಕಂದುಕಪ್ಪು, ಹೆಂಚು ಬಿದ್ದಲ್ಲಿ ಮಾತ್ರ ಕಣ್ಣು ಕುಕ್ಕುವ ಬೆಳಕು. ಒಂದೇ ಎಕ್ಸ್‌ಪೋಷರಿನಲ್ಲಿ ಎರಡೂ ಬರುವುದಿಲ್ಲ. ಆ ಐದನ್ನೂ ಒಂದಾಗಿ ಜೋಡಿಸುವಾಗ ಕತ್ತಲನ್ನು ಪೂರ್ತಿ ಬೆಳಗಿಸಲು ಹೋಗಬೇಡಿ. ಕಿಟಕಿಯಿಲ್ಲದ ಕಟ್ಟಡದ ಒಳಗು ಕತ್ತಲಾಗಿಯೇ ಇರಬೇಕು.

ಹತ್ತಿರದ ಚಿತ್ರಗಳನ್ನು ಮರೆಯಬೇಡಿ. ತುಕ್ಕು ಹಿಡಿದ ಕೊಳವೆಯ ಬಾಯಿ, ಅಡ್ಡ ಮರದಲ್ಲಿ ಕಡ್ಡಿ ಕೂತು ಕೂತು ಸವೆದ ಗುರುತು, ದಾರದ ತುಂಡು, ಒಲೆಯ ಪಕ್ಕ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಲೆಕ್ಕ. ಇದ್ದದ್ದನ್ನು ಇದ್ದಂತೆ ತೆಗೆಯಿರಿ. ಚೆಂದ ಕಾಣಲಿ ಅಂತ ಕಡ್ಡಿ ಎತ್ತಿಡುವುದು, ಬಾಗಿಲು ಸರಿಸುವುದು ಬೇಡ.

ಫೋನಿನಲ್ಲೇ ತೆಗೆಯುವವರಿಗೆ

0.5 ಲೆನ್ಸ್ ಮುಟ್ಟಬೇಡಿ. 2 ಪಟ್ಟು ಜೂಮ್ ಒತ್ತಿ, ಹಿಂದೆ ನಡೆಯಿರಿ. ಬ್ಯಾರನ್ ಗೋಡೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಬೆಳಕನ್ನು ಸ್ವಲ್ಪ ಇಳಿಸಿ. ಲೆನ್ಸ್ ಒರೆಸಿಕೊಳ್ಳಿ, ಮಳೆಗಾಲದಲ್ಲಂತೂ ಪ್ರತಿ ಸಲ. ಒಲೆಯ ಚಿತ್ರಕ್ಕೆ ನೈಟ್ ಮೋಡ್ ಸಾಕು, ಆದರೆ ಫೋನನ್ನು ಕಲ್ಲಿಗೋ ಗೋಡೆಗೋ ಒರಗಿಸಿ ಇಡಿ.

ಹಂತ 9: ಎಡಿಟಿಂಗ್ ಮತ್ತು ವಿವರ ಬರೆಯುವುದು

ಲೈಟ್‌ರೂಂ, ಸ್ನ್ಯಾಪ್‌ಸೀಡ್ ಯಾವುದಾದರೂ ಆಗಲಿ, ಮೊದಲು ನೆಟ್ಟಗಿನ ಗೆರೆ ಸರಿ ಮಾಡಿ. ಹೊಗೆ, ಮಂಜು ಇರುವಲ್ಲಿ ಡಿಹೇಜ್ (ಮಂಜು ಕಳೆಯುವ ಸ್ಲೈಡರ್) ಎಳೆಯಬೇಡಿ, ನೀವು ತೆಗೆಯಲು ಹೋಗಿದ್ದೇ ಅದನ್ನು. ಈ ಸೀಮೆಯ ಮಣ್ಣಿನ ಕೆಂಪು ಮೊದಲೇ ಗಾಢ. ಸ್ಯಾಚುರೇಷನ್ ಹೆಚ್ಚಿಸಿದರೆ ಅದು ಕುಂಕುಮದ ಬಣ್ಣಕ್ಕೆ ತಿರುಗಿ ಸುಳ್ಳಾಗುತ್ತದೆ. ಕಪ್ಪುಬಿಳುಪು ಚೆನ್ನಾಗಿ ಹೊಂದುವುದು ಕೈಬಿಟ್ಟ ಬ್ಯಾರನ್‌ಗಳಿಗೆ. ಕೆಲಸ ನಡೆಯುವ ಬ್ಯಾರನ್‌ಗೆ ಬಣ್ಣ ಬೇಕೇ ಬೇಕು. ಹಸಿರು ಒಳಗೆ ಹೋಗಿ ಹಳದಿ ಹೊರಗೆ ಬರುವುದೇ ಅಲ್ಲಿನ ಕೆಲಸ.

ಪ್ರತಿ ಫೋಟೊಗೆ ಊರು, ತಿಂಗಳು, ವರ್ಷ, ಒಲೆ ಯಾವ ದಿಕ್ಕಿಗಿದೆ, ಮಾಡು ಹೆಂಚೋ ತಗಡೋ, ಈಗ ಯಾವ ಕೆಲಸಕ್ಕೆ ಬಳಕೆಯಲ್ಲಿದೆ ಅಂತ ಅವತ್ತೇ ಬರೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ, ಅದೇ ಲೆನ್ಸಿನಲ್ಲಿ ಮತ್ತೆ ತೆಗೆಯಲು ಇದು ಬೇಕಾಗುತ್ತದೆ. ಎಲ್ಲರಿಗೂ ಕಾಣುವಂತೆ ಹಾಕುವಾಗ ಮಾಲೀಕರ ಹೆಸರು, ನಿಖರ ಜಾಗ ಹಾಕಬೇಡಿ. ತಾಲ್ಲೂಕು ಹೇಳಿದರೆ ಸಾಕು. ಗೋಡೆಯ ಮೇಲೆ ಪರವಾನಗಿ ಸಂಖ್ಯೆಯಂಥದ್ದು ಕಂಡರೆ ಮಸುಕು ಮಾಡಿ.

ಮರುಭೇಟಿಗೆ ಹೋಗುವಾಗ ಎ4 ಅಳತೆಯ ಒಂದು ಪ್ರಿಂಟ್ ಲ್ಯಾಮಿನೇಷನ್ ಮಾಡಿಸಿ ಬ್ಯಾರನ್ ಮನೆಯವರಿಗೆ ಕೊಡಿ. ಹೊಗೆ, ಧೂಳಿನ ನಡುವೆ ಬರೀ ಕಾಗದ ಉಳಿಯುವುದಿಲ್ಲ.